ಉಪಗ್ರಹದರ್ಶನವೂ ಬಂಗಾಳ ಕೊಲ್ಲಿಯ ಚಂಡಮಾರುತಗಳೂ

ಮೇಘಗಳನ್ನು ನೋಡಿ ಮಳೆಗಾಳಿಗಳನ್ನು ಊಹಿಸುವ ವಿದ್ಯೆಯು ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಗರ್ಭಲಕ್ಷಣವೆಂಬ ಅಧ್ಯಾಯವನ್ನೇ ರಚಿಸಿ, ಮೇಘವು ಗರ್ಭಧರಿಸಿದ ೧೯೫ ದಿನಗಳ ಮೇಲೆ ಮಳೆಯು ಪ್ರಸವವಾಗುವುದೆಂದು ಹೇಳಿರುವನು. ಆ ಗಣನೆಯು ಈಗ ಪ್ರಮಾಣವಾಗಿ ನಿಲ್ಲಲಾರದು. ಆದರೂ ಲಿಂಗವನ್ನು ಕಂಡು ಲಿಂಗಿಯನ್ನು ತಿಳಿಯುವ ಮಾರ್ಗವು ಇಂದಿಗೂ ಬದಲಾಗಿಲ್ಲ. ನೋಡುವ ಕಣ್ಣು ಮಾತ್ರ ನೆಲವನ್ನು ಬಿಟ್ಟು ಅಂತರಿಕ್ಷವನ್ನು ಸೇರಿತು. ಇದರಿಂದ ಬಂಗಾಳ ಕೊಲ್ಲಿಯ ತೀರವಾಸಿಗಳಿಗೆ ದೊರೆತ ಫಲವೇನು, ಕೆಲವು ವೇಳೆ ಆ ಫಲವು ದೊರೆಯದೆ ಹೋದುದೇಕೆ ಎಂಬುದು ಇಲ್ಲಿ ವಿಚಾರ್ಯವಾದ ವಿಷಯವು.

೧೯೬೦ನೆಯ ಏಪ್ರಿಲ್ ೧ರಂದು ಅಮೆರಿಕದವರು ಟೈರಾಸ್-೧ ಎಂಬ ಉಪಗ್ರಹವನ್ನು ಹಾರಿಸಿದರು. ಎರಡು ಟೆಲಿವಿಷನ್ ಕ್ಯಾಮೆರಾಗಳನ್ನು ಹೊತ್ತಿದ್ದ ಅದು ೭೮ ದಿನಗಳಲ್ಲಿ ಸುಮಾರು ೨೩,೦೦೦ ಚಿತ್ರಗಳನ್ನು ಕಳುಹಿಸಿತು. ಬಿಡಿಬಿಡಿಯಾಗಿ ತೋರುತ್ತಿದ್ದ ಮೋಡಗಳು ಸಾವಿರಾರು ಮೈಲಿಗಳ ಸುರುಳಿಗಳಾಗಿ ವ್ಯವಸ್ಥಿತವಾಗಿರುವುದು ಆಗ ಸ್ಪಷ್ಟವಾಯಿತು. ಈ ಬಗೆಯ ಉಪಗ್ರಹಗಳು ಭೂಮಿಯನ್ನು ಸುತ್ತುತ್ತ ಒಂದು ಸ್ಥಳವನ್ನು ಆಗಾಗ ಮಾತ್ರ ನೋಡಬಲ್ಲವು. ೧೯೬೬ನೆಯ ಡಿಸೆಂಬರಿನಲ್ಲಿ ಮೇಲೇರಿದ ಎ.ಟಿ.ಎಸ್.-೧ ಉಪಗ್ರಹವಾದರೋ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ತಿರುಗುತ್ತ, ವರ್ನರ್ ಸುವೋಮಿ ಎಂಬ ವಿಜ್ಞಾನಿಯು ಕಲ್ಪಿಸಿದ ಕ್ಯಾಮೆರಾದಿಂದ ಒಂದೇ ಭೂಭಾಗವನ್ನು ಮತ್ತೆ ಮತ್ತೆ ಚಿತ್ರಿಸಿತು. ಮೇಘಗಳ ಆಕಾರದೊಡನೆ ಅವುಗಳ ಚಲನೆಯೂ ಹೀಗೆ ದೃಷ್ಟಿಗೋಚರವಾಯಿತು.

ಆದರೆ ಉಪಗ್ರಹವು ಕಾಣುವುದು ಮೇಘವನ್ನೇ ಹೊರತು ಅದರ ಕೆಳಗೆ ಸಮುದ್ರದ ಮೇಲೆ ಬೀಸುವ ಗಾಳಿಯನ್ನಲ್ಲ. ಅಮೆರಿಕದ ವರ್ನನ್ ಡ್ವೊರಾಕ್ ಎಂಬಾತನು ೧೯೭೦ರ ದಶಕದಲ್ಲಿ ಸುರುಳಿಯ ಬಾಗು, ನಡುಗಣ್ಣಿನ ಸ್ಫುಟತೆ ಮುಂತಾದ ಲಕ್ಷಣಗಳಿಂದ ಚಂಡಮಾರುತಕ್ಕೆ ೧ರಿಂದ ೮ರವರೆಗೆ ಅಂಕವನ್ನು ಕೊಟ್ಟು, ಆ ಅಂಕದಿಂದ ಗಾಳಿಯ ವೇಗವನ್ನು ತಿಳಿಯುವ ಕ್ರಮವನ್ನು ಏರ್ಪಡಿಸಿದನು. ಧೂಮದಿಂದ ವಹ್ನಿಯನ್ನು ಊಹಿಸುವಂತೆ ಇದೂ ಅನುಮಾನವೇ ಸರಿ. ಇದರ ವ್ಯಾಪ್ತಿಯು ಮುಖ್ಯವಾಗಿ ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ, ವಿಮಾನಗಳು ಬಿರುಗಾಳಿಯೊಳಗೆ ಹೊಕ್ಕು ಅಳೆದ ಅಳತೆಗಳಿಂದ ಸಿದ್ಧವಾದುದು. ಅಂತಹ ವಿಮಾನಸಂಚಾರದ ಪದ್ಧತಿಯಿಲ್ಲದ ಬಂಗಾಳ ಕೊಲ್ಲಿಗೂ ಅದೇ ವ್ಯಾಪ್ತಿಯನ್ನು ಅನ್ವಯಿಸಿಕೊಳ್ಳಬೇಕಾಯಿತು.

ಅನುಮಾನವು ಸ್ವಾರ್ಥ, ಪರಾರ್ಥ ಎಂದು ಎರಡು ವಿಧವೆಂಬುದು ತರ್ಕಸಂಗ್ರಹವನ್ನು ಓದಿದವರಿಗೆಲ್ಲ ವಿದಿತವಾದುದೇ. ತಾನು ತಿಳಿಯುವುದು ಸ್ವಾರ್ಥ. ತಿಳಿದುದನ್ನು ಪ್ರತಿಜ್ಞಾದಿ ಐದು ಅವಯವಗಳ ವಾಕ್ಯದಿಂದ ಮತ್ತೊಬ್ಬನಿಗೆ ಮನಗಾಣಿಸುವುದು ಪರಾರ್ಥ. ಬಂಗಾಳ ಕೊಲ್ಲಿಯ ಚರಿತ್ರೆಯಲ್ಲಿ ಈ ವಿಭಾಗವು ಜೀವನ್ಮರಣಗಳ ಪ್ರಶ್ನೆಯಾಯಿತು. ೧೯೭೦ನೆಯ ನವೆಂಬರಿನಲ್ಲಿ ಐಟಾಸ್-೧ ಎಂಬ ಉಪಗ್ರಹವು ಕೊಲ್ಲಿಯಲ್ಲಿದ್ದ ಭೋಲಾ ಚಂಡಮಾರುತವನ್ನು ಚಿತ್ರಿಸಿದ್ದಿತು. ೧೨ರ ರಾತ್ರಿ ಅದು ಅಂದು ಪೂರ್ವ ಪಾಕಿಸ್ತಾನವೆನಿಸಿದ್ದ ಬಾಂಗ್ಲಾದೇಶದ ತೀರಕ್ಕೆ ಅಪ್ಪಳಿಸಿ, ಉಬ್ಬಿ ಬಂದ ಸಮುದ್ರದಿಂದ ಮೂರರಿಂದ ಐದು ಲಕ್ಷ ಜನರು ಮಡಿದರು. ಬಿರುಗಾಳಿಯ ಸುದ್ದಿಯು ಬಹುಮಂದಿಯ ಕಿವಿಗೆ ಬಿದ್ದಿದ್ದಿತು. ಆದರೆ ಅಪಾಯದ ಪ್ರಮಾಣವು ಅವರಿಗೆ ಮನದಟ್ಟಾಗಲಿಲ್ಲ, ಓಡಿಹೋಗಿ ನಿಲ್ಲಲು ಎತ್ತರದ ಸ್ಥಳವೂ ಬಹಳ ಕಡೆಗಳಲ್ಲಿ ಇರಲಿಲ್ಲ.

ಭಾರತದಲ್ಲಿ ಈ ವಿದ್ಯೆಯು ಬೆಳೆದ ಬಗೆಯಲ್ಲಿ ಕನ್ನಡನಾಡಿಗೂ ಭಾಗವುಂಟು. ಬೆಂಗಳೂರಿನಲ್ಲಿ ನಿರ್ಮಿತವಾಗಿ ೧೯೭೯ನೆಯ ಜೂನ್ ೭ರಂದು ರಷ್ಯದ ನೆಲದಿಂದ ಮೇಲೇರಿದ ಭಾಸ್ಕರ ಉಪಗ್ರಹದಲ್ಲಿ, ಸಾಗರದ ಮೇಲಣ ವಾಯುವಿನಲ್ಲಿರುವ ನೀರಾವಿಯನ್ನು ಸೂಕ್ಷ್ಮತರಂಗಗಳಿಂದ ಅಳೆಯುವ ‘ಸಮೀರ್’ ಎಂಬ ಉಪಕರಣವಿದ್ದಿತು. ೧೯೮೩ನೆಯ ಆಗಸ್ಟ್ ೩೦ರಂದು ಹಾರಿದ ಇನ್ಸಾಟ್-೧ಬಿ ಅಮೆರಿಕದಲ್ಲಿ ತಯಾರಾದುದಾದರೂ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಅಧೀನದಲ್ಲಿದ್ದು, ಹಗಲು ಬೆಳಕಿನಲ್ಲಿಯೂ ಇರುಳು ಅವಕೆಂಪು ಕಿರಣಗಳಲ್ಲಿಯೂ ಮೇಘಚಿತ್ರಗಳನ್ನು ತೆಗೆಯಿತು. ಅದೇ ಉಪಗ್ರಹದ ಮೂಲಕ, ಕರಾವಳಿಯ ಗ್ರಾಮಗಳಲ್ಲಿಟ್ಟ ಗ್ರಾಹಕಯಂತ್ರಗಳಿಗೆ ಮೊದಲು ಸೈರನ್ನನ್ನೂ ಬಳಿಕ ಆಯಾ ಪ್ರಾಂತದ ಭಾಷೆಯಲ್ಲಿ ಎಚ್ಚರಿಕೆಯ ಮಾತನ್ನೂ ಕಳುಹಿಸುವ ವ್ಯವಸ್ಥೆಯು ಆ ದಶಕದಲ್ಲಿಯೇ ಏರ್ಪಟ್ಟಿತು. ನೋಡುವ ಯಂತ್ರವೇ ನುಡಿಯುವ ಯಂತ್ರವೂ ಆದುದು ಗಮನಾರ್ಹವಾಗಿದೆ. ೧೯೭೭ನೆಯ ನವೆಂಬರಿನಲ್ಲಿ ಆಂಧ್ರ ತೀರದಲ್ಲಿ ಸುಮಾರು ಹತ್ತು ಸಾವಿರ ಜನರು ಸತ್ತಿದ್ದರು. ೧೯೯೦ನೆಯ ಮೇ ತಿಂಗಳಿನಲ್ಲಿ ಪ್ರಬಲವಾದ ಚಂಡಮಾರುತವೊಂದು ಮತ್ತೆ ಅದೇ ತೀರಕ್ಕೆ ಬಂದಾಗ, ಲಕ್ಷಾಂತರ ಮಂದಿಯನ್ನು ಮುಂಚಿತವಾಗಿ ಸಾಗಿಸಿದುದರಿಂದ ಸತ್ತವರ ಸಂಖ್ಯೆಯು ಸುಮಾರು ಒಂದು ಸಾವಿರಕ್ಕೆ ಇಳಿಯಿತು.

ಉಪಕರಣಗಳು ಉತ್ತಮವಾದಂತೆ ಪ್ರಾಣಹಾನಿಯು ತಾನಾಗಿ ತಗ್ಗುವುದೆಂದು ಕೆಲವರು ಪೂರ್ವಪಕ್ಷವನ್ನು ಹೂಡಬಹುದು. ಆ ಹೇತುವು ೧೯೯೯ನೆಯ ಅಕ್ಟೋಬರ್ ೨೯ರಂದು ವ್ಯಭಿಚರಿಸಿತು. ಒಡಿಶಾ ತೀರವನ್ನು ಹೊಕ್ಕ ಮಹಾಚಂಡಮಾರುತವನ್ನು ಉಪಗ್ರಹಗಳು ಸತತವಾಗಿ ನೋಡುತ್ತಿದ್ದರೂ ಸುಮಾರು ಹತ್ತು ಸಾವಿರ ಜನರು ಮಡಿದರು; ಆ ತೀರದಲ್ಲಿ ಆಶ್ರಯಮಂದಿರಗಳು ಬಹು ವಿರಳವಾಗಿದ್ದುವು. ಆ ವರ್ಷವೇ ಒಡಿಶಾ ಸರ್ಕಾರವು ವಿಪತ್ತುಗಳ ನಿವಾರಣೆಗೆಂದು ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ತರುವಾಯ ಆಶ್ರಯಮಂದಿರಗಳೂ ಹೆಚ್ಚಿದುವು. ೨೦೧೩ನೆಯ ಜುಲೈ ೨೬ರಂದು ಇನ್ಸಾಟ್-೩ಡಿ ಮೇಲೇರಿತು. ಅದೇ ವರ್ಷದ ಅಕ್ಟೋಬರ್ ೧೨ರಂದು ಫೈಲಿನ್ ಚಂಡಮಾರುತವು ಗೋಪಾಲಪುರದ ಬಳಿ ತೀರವನ್ನು ಸೇರಿದಾಗ, ಅದಕ್ಕೆ ಮುನ್ನವೇ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿದ್ದಿತು. ಪ್ರಾಣಹಾನಿಯು ಹತ್ತಾರರಲ್ಲಿ ನಿಂತಿತು.

ಈ ಪೂರ್ವಾಪರಗಳನ್ನು ಪರ್ಯಾಲೋಚಿಸಿದರೆ, ಉಪಗ್ರಹದರ್ಶನವು ಪ್ರಾಣರಕ್ಷಣೆಗೆ ಅವಶ್ಯವಾದ ಕಾರಣವೇ ಆದರೂ ಅದೊಂದೇ ಸಾಕಾಗದೆಂಬುದು ಸಿದ್ಧಿಸುತ್ತದೆ. ಗಾಳಿಯ ವೇಗವನ್ನು ಬಲ್ಲವನ ಜ್ಞಾನವು ಬೆಸ್ತರ ಗುಡಿಸಲಿನವರೆಗೆ ಅವರದೇ ನುಡಿಯಲ್ಲಿ ಹೋಗಿ, ಅವರ ನಂಬಿಕೆಯನ್ನು ಪಡೆದು, ಅವರು ಹೋಗಿ ನಿಲ್ಲಲು ಒಂದು ಗಟ್ಟಿಯಾದ ಮಾಡು ಸಿದ್ಧವಾಗಿದ್ದಾಗಲೇ ಆ ದರ್ಶನವು ಸಫಲವಾಯಿತೆನ್ನಬೇಕು.