ಅಮೃತಶಿಲೆಯೂ ಮರವೂ

1915ರ ನವೆಂಬರಿನಲ್ಲಿ ಐನ್‌ಸ್ಟೈನರು ಬರ್ಲಿನ್ನಿನ ವಿದ್ವತ್ಸಭೆಯ ಮುಂದಿಟ್ಟ ಸಮೀಕರಣಕ್ಕೆ ಎರಡು ಪಕ್ಕ. ಎಡಗಡೆ ದೇಶಕಾಲಗಳ ಬಾಗು, ಗುರುತ್ವವೆಂದರೆ ಅದೇ. ಬಲಗಡೆ, ಆ ಬಾಗನ್ನು ಉಂಟುಮಾಡುವ ದ್ರವ್ಯ. 1936ರಲ್ಲಿ ಅವರೇ ಎಡಪಕ್ಕವನ್ನು ಸೊಗಸಾದ ಅಮೃತಶಿಲೆಗೂ ಬಲಪಕ್ಕವನ್ನು ಕೀಳುದರ್ಜೆಯ ಮರಕ್ಕೂ ಹೋಲಿಸಿದರು. ಮರವನ್ನು ಕೀಳೆಂದರೆ ಶಿವಮೊಗ್ಗೆಯವನಾದ ನನಗೆ ತುಸು ಮುನಿಸೇ! ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಹೊತ್ತಿದ ಊದುಕುಲುಮೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮಲೆನಾಡಿನ ಮರದ ಇದ್ದಲಿನಿಂದಲ್ಲವೆ?

ಹೋಲಿಕೆಯ ಹುರುಳು ಬೇರೆ. ನ್ಯೂಟನ್ನರ ಲೆಕ್ಕದಲ್ಲಿ ಸೆಳೆಯುವುದು ದ್ರವ್ಯರಾಶಿಯೊಂದೇ. ಐನ್‌ಸ್ಟೈನರ ಬಲಪಕ್ಕದಲ್ಲಿ ಶಕ್ತಿಗೂ ಒತ್ತಡಕ್ಕೂ ಚಲನೆಗೂ ಸ್ಥಾನವುಂಟು. ಕುಲುಮೆಯಿಂದ ಹರಿದುಬಂದ ಒಂದು ಟನ್ ಕಬ್ಬಿಣದ ರಸ, ಆರಿ ತಣ್ಣಗಾದಾಗ ತೂಗುವುದಕ್ಕಿಂತ ಗ್ರಾಮಿನ ಲಕ್ಷದಲ್ಲೊಂದು ಪಾಲಿನಷ್ಟು ಹೆಚ್ಚು ತೂಗಬೇಕು. ಭದ್ರಾವತಿಯ ಯಾವ ತಕ್ಕಡಿಗೂ ಅದು ಸಿಕ್ಕದು, ನಿಜ. ಆದರೆ ಕಾವಿಗೂ ತೂಕವುಂಟೆಂಬುದು ಸಣ್ಣ ಮಾತೆ?

ಇಷ್ಟೆಲ್ಲ ಎಣಿಸುವ ಬಲಪಕ್ಕ ಒಂದನ್ನು ಮಾತ್ರ ಕೇಳುವುದಿಲ್ಲ: ಇದು ಕಬ್ಬಿಣವೋ, ಇದ್ದಲೋ, ಬೆಳಕೋ? ದ್ರವ್ಯದ ಒಳಗುಟ್ಟನ್ನು ಹೇಳದ ಈ ಮೌನವೇ ಐನ್‌ಸ್ಟೈನರಿಗೆ ಒರಟೆನಿಸಿದ್ದು. ಮರವನ್ನೂ ಶಿಲೆಯಾಗಿಸುವ ಯತ್ನವನ್ನು ಅವರು 1955ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅದು ಕೈಗೂಡಲೂ ಇಲ್ಲ.