ಬೇಸ್‌ಬಾಲ್: ಗಾಯವಿಲ್ಲದೆ ಜಾರುವ ವಿದ್ಯೆ

ಕ್ರಿಕೆಟ್‌ನಲ್ಲಿ ರನ್ ಕದಿಯುವಾತನಿಗೆ ಕ್ರೀಸ್ ಮುಟ್ಟಲು ಬ್ಯಾಟ್‌ನ ಆಸರೆಯುಂಟು. ಬೇಸ್‌ಬಾಲ್ ಓಟಗಾರ ಬರಿಗೈಯವ. ಬೇಸ್‌ನಿಂದ ಬೇಸ್‌ಗೆ ಇರುವ 90 ಅಡಿಗಳನ್ನು ಕ್ರಮಿಸಲು ಆತನಿಗಿರುವ ಕೊನೆಯ ಅಸ್ತ್ರವೇ 'ಸ್ಲೈಡಿಂಗ್', ಅರ್ಥಾತ್ ನೆಲದ ಮೇಲೆ ಜಾರುವ ತಂತ್ರ.

ಏಕೆ ಜಾರಬೇಕು?
ಚೆಂಡು ಹೊಡೆದು ಓಡುವಾತ ಮೊದಲ ಬೇಸ್ ದಾಟಿ ಮುಂದಕ್ಕೆ ಹೋದರೂ ಕೂಡಲೇ ಮರಳಿದರೆ ಅಪಾಯವಿಲ್ಲ. ಎರಡನೇ ಹಾಗೂ ಮೂರನೇ ಬೇಸ್‌ನಲ್ಲಿ ಈ ರಿಯಾಯಿತಿ ಇಲ್ಲ. ಬೇಸ್ ಬಿಟ್ಟಾಗ ಎದುರಾಳಿ ಚೆಂಡು ತಾಗಿಸಿದರೆ ಔಟ್. ವೇಗವಾಗಿ ಬಂದು ಬೇಸ್ ಮೇಲೆಯೇ ನಿಲ್ಲಲು ಜಾರುವಿಕೆ ನೆರವಾಗುತ್ತದೆ.

ಕಲಿಯುವ ಕ್ರಮ
ಆರಂಭಿಕರಿಗೆ ಸೂಕ್ತವಾದದ್ದು ಕಾಲು ಮಡಚಿ ಜಾರುವ ವಿಧಾನ. ಮೊದಲು ಹುಲ್ಲಿನ ಮೇಲೆ ಕುಳಿತು, ಒಂದು ಕಾಲನ್ನು ಇನ್ನೊಂದರ ಮಂಡಿಯ ಕೆಳಗೆ ಮಡಚಬೇಕು. ಆಗ ಕಾಲುಗಳು ಇಂಗ್ಲಿಷ್ ಅಂಕಿ 4ರ ಆಕಾರ ತಳೆಯುತ್ತವೆ. ಯಾವ ಕಾಲು ಮಡಚಿದರೆ ಸಲೀಸೋ ಅದನ್ನೇ ರೂಢಿಸಿಕೊಳ್ಳುವುದು ಒಳಿತು. ನಂತರ ಮುಳ್ಳಿನ ಬೂಟು ಕಳಚಿ, ಉದ್ದನೆಯ ಪ್ಯಾಂಟ್ ಧರಿಸಿ, ಒದ್ದೆ ಹುಲ್ಲಿನ ಮೇಲೆ ನಿಧಾನವಾಗಿ ಓಡಿ ಅಭ್ಯಾಸ ಮಾಡಬೇಕು.

ಜಾರುವಾಗ ಮೇಲಕ್ಕೆ ನೆಗೆಯಬಾರದು. ಓಡುತ್ತಲೇ ಕುಳಿತುಕೊಳ್ಳುವಂತೆ ಮೈ ಇಳಿಸಬೇಕು. ಭಾರ ಪೃಷ್ಠ ಹಾಗೂ ಮಡಚಿದ ಕಾಲಿನ ಮೇಲಿರಲಿ. ಗದ್ದ ಎದೆಯತ್ತ, ಕೈಗಳು ಮೇಲಕ್ಕೆ ಇರಲಿ. ಕೈ ಊರಿದರೆ ಮಣಿಕಟ್ಟಿಗೆ ಪೆಟ್ಟು ಖಚಿತ. ಚಾಚಿದ ಕಾಲಿನ ಹಿಮ್ಮಡಿ ನೆಲದಿಂದ ತುಸು ಮೇಲಿರದಿದ್ದರೆ ಬೂಟಿನ ಮುಳ್ಳು ಮಣ್ಣಿಗೆ ಸಿಕ್ಕಿ ಕಣಕಾಲು ತಿರುಚುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಅನುಮಾನ. ಜಾರಲೋ ಬೇಡವೋ ಎಂದು ತಡವರಿಸಿ ಬೇಸ್ ಸಮೀಪ ಬಿದ್ದವನ ಕಾಲು ಪೂರ್ಣ ವೇಗದಲ್ಲಿ ಬೇಸ್‌ಗೆ ಬಡಿಯುತ್ತದೆ.

ತಲೆ ಮುಂದಾಗಿ ಜಾರುವುದು
1,406 ಬೇಸ್ ಕದ್ದು ಅಮೆರಿಕದ ಮೇಜರ್ ಲೀಗ್ ದಾಖಲೆ ಬರೆದ ರಿಕಿ ಹೆಂಡರ್ಸನ್ ತಲೆ ಮುಂದಾಗಿ ಜಾರುತ್ತಿದ್ದರು. ಆದರೆ ಬೆರಳು, ಭುಜ, ತಲೆಗೆ ಇದರಿಂದ ಅಪಾಯ ಹೆಚ್ಚು. ಅಮೆರಿಕದ ಮಕ್ಕಳ ಲಿಟಲ್ ಲೀಗ್‌ನ ಕಿರಿಯ ವಿಭಾಗಗಳಲ್ಲಿ ಮುಂದಿನ ಬೇಸ್‌ಗೆ ಹೀಗೆ ಜಾರಲು ಅನುಮತಿಯಿಲ್ಲ.

ಎದುರಾಳಿಯ ಕಾಲೂ ಕಾಲೇ
2015ರ ಅಕ್ಟೋಬರ್‌ನಲ್ಲಿ ಚೇಸ್ ಅಟ್ಲಿ ಎರಡನೇ ಬೇಸ್ ಬಳಿ ಜಾರಿ ಅಪ್ಪಳಿಸಿದಾಗ ರೂಬೆನ್ ತೆಹಾದಾ ಅವರ ಕಾಲಿನ ಮೂಳೆ ಮುರಿಯಿತು. 2016ರಲ್ಲಿ ಮೇಜರ್ ಲೀಗ್ ನಿಯಮ ಬಿಗಿಗೊಳಿಸಿತು. ಅದರಂತೆ, ಡಬಲ್ ಪ್ಲೇ ತಡೆಯಲು ಜಾರುವಾತ ಬೇಸ್ ತಲುಪುವ ಮುನ್ನವೇ ನೆಲ ಮುಟ್ಟಿರಬೇಕು, ಬೇಸ್ ಮೇಲೆ ಉಳಿಯಲು ಯತ್ನಿಸಬೇಕು, ಡಿಕ್ಕಿ ಹೊಡೆಯಲೆಂದು ದಾರಿ ಬದಲಿಸಕೂಡದು.

ಜಾರುವುದು ಬೇಸ್‌ನತ್ತ, ಆಟಗಾರನತ್ತ ಅಲ್ಲ. ಕಲಿಯುವವರಿಗೆ ಇದೇ ಮೊದಲ ಪಾಠ.