ಸ್ನಾನದ ನೀರಿಗೆ ಐವತ್ತು ರೂಪಾಯಿ ರಿಯಾಯಿತಿ

ಇಂಧನ ಉಳಿಸುವ ಮನೆಗೆ ವಿದ್ಯುತ್ ಸಂಸ್ಥೆಯೇ ಬಿಲ್ಲಿನಲ್ಲಿ ಹಣ ಬಿಟ್ಟುಕೊಡುವ ಪದ್ಧತಿ ಉತ್ತರ ಬೆಂಗಳೂರಿನ ಮನೆಗಳನ್ನು ಮುಟ್ಟಿದ್ದು ಮುಖ್ಯವಾಗಿ ಬಚ್ಚಲುಮನೆಯ ದಾರಿಯಿಂದ. ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಯುತ್ತಿದ್ದಷ್ಟು ಕಾಲ ಸ್ನಾನಕ್ಕೂ ಆಗಿನ ವಿದ್ಯುತ್ ಸಂಸ್ಥೆಯಾದ ಕೆಇಬಿಗೂ (ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ) ಸಂಬಂಧವಿರಲಿಲ್ಲ; ಆರ್.ಟಿ. ನಗರ, ಯಲಹಂಕ ಉಪನಗರದಂಥ ಬಡಾವಣೆಗಳು ಬೆಳೆದು, ಹಂಡೆಯ ಜಾಗಕ್ಕೆ ಸುಮಾರು 2 ಕಿಲೋವಾಟ್ ಎಳೆಯುವ ಗೀಸರ್ ಬಂದು, ಎಲ್ಲ ಮನೆಗಳೂ ಬೆಳಗಿನ ಒಂದೇ ಹೊತ್ತಿಗೆ ಸ್ವಿಚ್ ಒತ್ತತೊಡಗಿದ ಮೇಲೆ ‘ಗರಿಷ್ಠ ಬೇಡಿಕೆ’, ಅಂದರೆ ದಿನದಲ್ಲಿ ಒಮ್ಮೆಗೇ ಜಾಲದ ಮೇಲೆ ಬೀಳುವ ಅತಿ ಹೆಚ್ಚಿನ ಹೊರೆ, ಏರತೊಡಗಿತು. ವಿದ್ಯುತ್ ಕೊರತೆಯ 1990ರ ದಶಕದಲ್ಲಿ ಯಲಹಂಕದಲ್ಲೇ ದುಬಾರಿ ಡೀಸೆಲ್ ಸ್ಥಾವರವೊಂದು ತಲೆಯೆತ್ತಿದ್ದನ್ನು ನೆನೆದರೆ, ಆ ಹೊತ್ತಿನ ಒಂದೊಂದು ಯೂನಿಟ್ಟಿನ ಬೆಲೆ ಅರ್ಥವಾಗುತ್ತದೆ.

2002ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶದ ಪ್ರಕಾರ, ಸೋಲಾರ್ ವಾಟರ್ ಹೀಟರ್ ಅಳವಡಿಸಿದ ಮನೆಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಕೊಡುತ್ತ ಬಂದಿತು. ನೂರು ಯೂನಿಟ್ ದಾಟಿದರೆ ರಿಯಾಯಿತಿ ಬೆಳೆಯುತ್ತಿರಲಿಲ್ಲ. ವರ್ಷಕ್ಕೆ ಹೆಚ್ಚೆಂದರೆ 600 ರೂಪಾಯಿ. ಹತ್ತಾರು ಸಾವಿರ ರೂಪಾಯಿಯ ಉಪಕರಣವನ್ನು ಈ ಮೊತ್ತದ ಆಸೆಗೇ ಕೊಂಡವರಿದ್ದಾರೆಂದು ನಂಬುವುದು ಕಷ್ಟ. ತಾರಸಿಗಳ ಚಹರೆಯನ್ನು ನಿಜವಾಗಿ ಬದಲಿಸಿದ್ದು 2007ರ ನವೆಂಬರ್‌ನ ಸರ್ಕಾರಿ ಆದೇಶ: ನಗರ ಪ್ರದೇಶದಲ್ಲಿ 600 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟು ಕಟ್ಟುವ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವಾಗಿ, ಅದನ್ನು ವಿದ್ಯುತ್ ಸಂಪರ್ಕಕ್ಕೇ ಗಂಟು ಹಾಕಿದ್ದರಿಂದ, ಕರೆಂಟ್ ಬೇಕಾದವರು ಮೊದಲು ಬಿಸಿಲನ್ನು ಬಳಸಿಕೊಳ್ಳಬೇಕಾಯಿತು. ರಿಯಾಯಿತಿ ಬರೀ ಮರ್ಯಾದೆಯ ವೀಳ್ಯವಾಗಿ ಉಳಿಯಿತು.

2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು, ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ವಿದ್ಯುತ್ತನ್ನು ಗೊತ್ತುಪಡಿಸಿತು. ಬಿಲ್ಲೇ ಸೊನ್ನೆಯಾದ ಮನೆಯಲ್ಲಿ ಕಡಿತಕ್ಕೆ ಆಸ್ಪದವೆಲ್ಲಿ? ಅದಕ್ಕಿಂತ ವಿಚಿತ್ರವೆಂದರೆ, ಸೋಲಾರ್ ನೀರು ಬಳಸಿ ಮೊದಲೇ ಮಿತವಾಗಿದ್ದ ಮನೆಗೆ ಸರಾಸರಿಯ ಲೆಕ್ಕದಲ್ಲಿ ಉಚಿತದ ಪಾಲೂ ಕಡಿಮೆ ಸಿಕ್ಕಿತು. ಮರುವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನ ನೀರು ಕಾಯಿಸುವುದಕ್ಕಲ್ಲ, ತಾರಸಿಯಲ್ಲಿ ವಿದ್ಯುತ್ ಉತ್ಪಾದಿಸುವುದಕ್ಕೆ. 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿ ಒಂದೇ ಸಲಕ್ಕೆ ದೊರೆಯುವುದರಿಂದ, ಹೀಟರಿನ ಗಾಜಿನ ಪೆಟ್ಟಿಗೆಗಳೂ ಸೋಲಾರ್ ಫಲಕಗಳೂ ಈಗ 30x40 ಅಡಿಯ ಸೈಟಿನ ಅದೇ ತಾರಸಿಯಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿವೆ.